ಹನ್ನೊಂದನೆಯ ಗೋಲು

ಓಣಿಯಾಟದ ನಿಯಮ ಮಾಡುವ ಸಭೆಗೆ ನಮ್ಮ ಊರಿನಲ್ಲಿ ಗಂಡಸರನ್ನು ಕರೆಯುವುದಿಲ್ಲ. ಅವರು ಆಡುತ್ತಾರೆ, ಬೀಳುತ್ತಾರೆ, ಮೊಣಕಾಲು ತರಚಿಕೊಂಡು ಬಂದು ನಮ್ಮ ಕೈಯಿಂದ ಅರಿಶಿನ ಹಚ್ಚಿಸಿಕೊಳ್ಳುತ್ತಾರೆ. ಆದರೆ ಯಾರು ಏರಬೇಕು, ಯಾರು ಇಳಿಯಬೇಕು, ಯಾವ ಲೆಕ್ಕದಲ್ಲಿ ಇಳಿಯಬೇಕು ಎಂಬುದನ್ನು ಕೂತು ಮಾತಾಡಿ ತೀರ್ಮಾನಿಸುವವರು ಸೊಸೆಯಂದಿರು. ಅದರಲ್ಲೂ ಒಂದು ಓಣಿಯಲ್ಲಿ ಹುಟ್ಟಿ ಇನ್ನೊಂದು ಓಣಿಗೆ ಮದುವೆಯಾಗಿ ಬಂದವರೇ ಆಗಬೇಕು. ಎರಡು ಮನೆಯ ಉಪ್ಪು ತಿಂದವಳು ಯಾರಿಗೂ ಪೂರ್ತಿ ಅನ್ಯಾಯ ಮಾಡಲಾರಳು ಎಂದು ಹಿರಿಯರ ಎಣಿಕೆ. ಆ ಹಿರಿಯರು ಯಾವತ್ತೂ ಯಾರ ಮನೆಗೂ ಸೊಸೆಯಾಗಿ ಹೋದವರಲ್ಲ ಎಂಬುದು ಆ ಎಣಿಕೆಯಿಂದಲೇ ಗೊತ್ತಾಗುತ್ತದೆ.

ನಾನು ಹುಟ್ಟಿದ್ದು ಸುಣ್ಣದ ಓಣಿಯಲ್ಲಿ, ಸೇರಿದ್ದು ಹಗ್ಗದ ಓಣಿಗೆ. ಹೆಸರು ಇಂದ್ರವ್ವ. ಹಾಲು ಇನ್ನೂ ಬಿಸಿಯಾಗುವ ಮೊದಲೇ ಉಕ್ಕಿತೆಂದು ಓಡುವ ಸ್ವಭಾವ ನನ್ನದು, ಮದುವೆಗೆ ಮುಂಚಿನಿಂದಲೂ ಹಾಗೆಯೇ. ಇಂಥವಳನ್ನು ಸಭೆಗೆ ಕಳಿಸಿದರೆ ಓಣಿಗೆ ಒಳ್ಳೆಯದು, ಬರುವ ಕಷ್ಟ ಮೊದಲೇ ಕಾಣುತ್ತದೆ ಎಂದು ನಮ್ಮ ಓಣಿಯವರು ನನ್ನನ್ನು ಆರಿಸಿದರು. ಬಾರದ ಕಷ್ಟಗಳೂ ನನಗೆ ಅಷ್ಟೇ ಚೆನ್ನಾಗಿ ಕಾಣುತ್ತವೆ ಎಂಬುದನ್ನು ಯಾರೂ ಯೋಚಿಸಲಿಲ್ಲ.

ಊರಿನಲ್ಲಿ ಎಂಟು ಓಣಿಗಳಿವೆ. ನಾಲ್ಕು ಮೇಲಿನ ಗುಂಪಿನಲ್ಲಿ, ನಾಲ್ಕು ಕೆಳಗಿನ ಗುಂಪಿನಲ್ಲಿ ಕೋಲುಚೆಂಡು ಆಡುತ್ತವೆ. ಬಾಗಿದ ಕೋಲಿನಿಂದ ತೊಗಲಿನ ಚೆಂಡನ್ನು ಹೊಡೆದು ಎದುರಿನವರ ಎರಡು ಕಂಬಗಳ ನಡುವೆ ದಾಟಿಸಿದರೆ ಒಂದು ಗೋಲು. ವರ್ಷದ ಕೊನೆಗೆ ಮೇಲಿನ ಗುಂಪಿನಲ್ಲಿ ಹಿಂದೆ ಬಿದ್ದ ಓಣಿ ಕೆಳಗಿಳಿಯುತ್ತದೆ, ಕೆಳಗಿನ ಗುಂಪಿನಲ್ಲಿ ಗೆದ್ದ ಓಣಿ ಮೇಲೇರುತ್ತದೆ. ಮರುದಿನದಿಂದ ಏರಿದ ಓಣಿಯಲ್ಲಿ ಹೊತ್ತು ಒಂದು ತಾಸು ತಡವಾಗಿ ಮುಳುಗುತ್ತದೆ, ಇಳಿದ ಓಣಿಯಲ್ಲಿ ಒಂದು ತಾಸು ಮೊದಲೇ ಮುಳುಗುತ್ತದೆ. ಊರಿನವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಎರಡು ಗುಂಪಿನ ಓಣಿಗಳು ಕೂಡುವ ಮೂಲೆಯಲ್ಲಿ ಸಂಜೆ ನಿಂತರೆ ಬಲಗೈ ಬಿಸಿಲಿನಲ್ಲಿರುತ್ತದೆ, ಎಡಗೈ ಕತ್ತಲಿನಲ್ಲಿರುತ್ತದೆ. ಮೇಲಿನ ಗುಂಪಿನ ಕೋಳಿಗಳು ನಿದ್ದೆ ಬಂದರೆ ಗೋಡೆ ಹಾರಿ ಕೆಳಗಿನ ಗುಂಪಿಗೆ ಹೋಗಿ ಮಲಗುತ್ತವೆ, ಅವುಗಳ ಹಿಂದೆ ಹೆಂಗಸರು ಬೈಯುತ್ತ ಹೋಗುತ್ತಾರೆ. ಕ್ಷೌರದ ಹೂವಪ್ಪ ಐದೂವರೆಗೆ ತನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬೆಳಕಿರುವ ಓಣಿಗೆ ದಾಟುತ್ತಾನೆ, ಅರ್ಧ ಗಡ್ಡ ಆದವನು ಅವನ ಹಿಂದೆಯೇ ನಡೆಯುತ್ತಾನೆ. ಮಲ್ಲಿಗೆ ಮಾರುವವರಿಗೆ ಮಾತ್ರ ಕೆಳಗಿನ ಗುಂಪೇ ಬೇಕು, ಅಲ್ಲಿ ಮೊಗ್ಗು ಬೇಗ ಬಿರಿಯುತ್ತದೆ. ಹೊಸದಾಗಿ ಮದುವೆಯಾದವರೂ ಇಳಿದರೆ ಅಷ್ಟೇನೂ ಅಳುವುದಿಲ್ಲ.

ನನಗೆ ಅಳುವ ಕಾರಣವಿತ್ತು. ನಮ್ಮ ಅತ್ತೆ ಬಾಳವ್ವನವರಿಗೆ ಇರುಳುಗಣ್ಣು. ಬಿಸಿಲಿರುವಾಗ ಸೂಜಿಗೆ ದಾರ ಪೋಣಿಸುತ್ತಾರೆ, ಹೊತ್ತು ಮುಳುಗಿದರೆ ಎದುರಿಗೆ ಕೂತವರ ಮುಖವೂ ಕಾಣದು. ದೀಪ ಹಚ್ಚಿದರೆ ದೀಪವೊಂದೇ ಕಾಣುತ್ತದಂತೆ, ಅದರ ಸುತ್ತ ಏನೂ ಇಲ್ಲವಂತೆ. ನುಗ್ಗೆಸೊಪ್ಪು ತಿನ್ನಿಸಿದೆವು, ವೈದ್ಯರಿಗೆ ತೋರಿಸಿದೆವು, ಇದು ಹೀಗೆಯೇ ಎಂದರು. ಅವರ ಒಬ್ಬನೇ ಮಗ ನನ್ನ ಗಂಡ. ಹೆಸರು ನಾನು ಹೇಳುವಂತಿಲ್ಲ, ಊರು ಅಡಿವೆಪ್ಪ ಎನ್ನುತ್ತದೆ. ಊರ ಹೊರಗಿನ ಹತ್ತಿ ಗಿರಣಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲು ಹೋದರೆ ಮನೆಗೆ ಬರುವುದು ಸಂಜೆ ಆರಕ್ಕೆ. ಗಿರಣಿಗೆ ರಜೆ ಅಮಾವಾಸ್ಯೆಗೊಮ್ಮೆ ಮಾತ್ರ. ಮೇಲಿನ ಗುಂಪಿನಲ್ಲಿ ಇದ್ದುದರಿಂದ ನಮ್ಮ ಓಣಿಯಲ್ಲಿ ಏಳರವರೆಗೂ ಬಿಸಿಲಿರುತ್ತಿತ್ತು. ಆ ಒಂದು ತಾಸು ಅತ್ತೆಯದು. ಮಗನನ್ನು ಕಟ್ಟೆಯ ಮೇಲೆ ಎದುರಿಗೆ ಕೂರಿಸಿಕೊಂಡು ಅವನ ಕೂದಲು, ಹುಬ್ಬಿನಲ್ಲಿ ಸಿಕ್ಕಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯುವರು. ಮಾತೇನೂ ಹೆಚ್ಚಿರುತ್ತಿರಲಿಲ್ಲ. ಮುಖ ನೋಡುತ್ತ ಕೂತಿರುತ್ತಿದ್ದರು, ಅಷ್ಟೇ. ನಾವು ಇಳಿದರೆ ಆರಕ್ಕೆ ಕತ್ತಲು. ಆಗ ಅತ್ತೆಗೆ ಮಗನ ಮುಖ ತಿಂಗಳಿಗೊಮ್ಮೆ, ಅದೂ ಆಟವಾಡಿ ಬಂದು ಗೊರಕೆ ಹೊಡೆಯುವ ಮುಖ.

ಹಿಂದಿನ ವರ್ಷ ಆ ತಾಸು ಕೈಬಿಟ್ಟು ಹೋಗುವುದರಲ್ಲಿತ್ತು. ನಾವೂ ಕಂಬಳಿ ಓಣಿಯವರೂ ಸಮಸಮ ಬಂದು ಕೊನೆಯಲ್ಲಿ ಉಳಿದೆವು. ಸಮ ಬಂದರೆ ಮರುಪಂದ್ಯ ಎಂಬುದು ಹಳೆಯ ನಿಯಮ. ಆ ಮರುಪಂದ್ಯದಲ್ಲಿ ಸೀಟಿ ಊದುವುದಕ್ಕೆ ಸ್ವಲ್ಪ ಮುಂಚೆ ನಮ್ಮ ತಂಡದ ಒಬ್ಬನ ಕೋಲಿಗೆ ಹೇಗೋ ತಾಗಿದ ಚೆಂಡು ಕಂಬದ ಒಳಗೆ ಉರುಳಿತು. ಒಂದೇ ಗೋಲಿನಿಂದ ಉಳಿದೆವು. ಎಲ್ಲರೂ ಕುಣಿದರು, ನಾನು ನೆಲದ ಮೇಲೆ ಕೂತುಬಿಟ್ಟೆ. ಒಂದು ಚೆಂಡು ಎರಡು ಬೆರಳು ಅತ್ತ ಹೋಗಿದ್ದರೆ ಎಂಬುದು ಮನಸ್ಸಿನಿಂದ ಹೋಗಲೇ ಇಲ್ಲ. ರೊಟ್ಟಿ ಬಡಿಯುವಾಗ, ನೀರು ಸೇದುವಾಗ ಅದೇ ಚೆಂಡು ಉರುಳುತ್ತಿತ್ತು.

ಆದ್ದರಿಂದ ಈ ಸಲದ ಸಭೆಗೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ಹೋದೆ. ಸಭೆ ನಡೆಯುವುದು ಚಾವಡಿಯಲ್ಲಿ, ಎಲ್ಲ ಓಣಿಗೂ ಬೆಳಕಿರುವ ಮಟಮಟ ಮಧ್ಯಾಹ್ನ. ಹಿರಿಯಳಾದ ದುಂಡವ್ವ ನಡೆಸುವವಳು. ಅವಳ ಮಡಿಲಲ್ಲಿ ಒಂದು ಹಳೆಯ ಚೆಂಡು ಇರುತ್ತದೆ, ಅದು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು. ಮಾತು ಮುಗಿದ ಮೇಲೆ ಮುಂದಿನವರಿಗೆ ಎಸೆಯಬೇಕು. ಸಿಟ್ಟಿದ್ದವರು ಎಸೆಯುವ ರೀತಿಯೇ ಬೇರೆ. ಎರಡು ವರ್ಷದ ಹಿಂದೆ ಒಬ್ಬಳ ಮೂಗುತಿ ಮುರಿದಿತ್ತು.

ಮೊದಲು ಚೆಂಡು ಕೇಳಿದವಳು ಕೆಳಗಿನ ಗುಂಪಿನ ಬುಟ್ಟಿ ಓಣಿಯ ಮಲಕವ್ವ. ಒಂದು ಓಣಿ ಇಳಿದು ಒಂದೇ ಏರುವುದು ಸಾಲದು, ಎರಡು ಇಳಿಯಲಿ, ಎರಡು ಏರಲಿ ಎಂದಳು. ಅವಳ ಓಣಿ ಏರದೆ ಹದಿನಾಲ್ಕು ವರ್ಷವಾಗಿತ್ತು. “ನಮ್ಮ ಹುಡುಗರು ಸಂಜಿ ಅಂದ್ರ ಏನು ಅಂತ ಕೇಳ್ತಾವ,” ಎಂದು ಹೇಳಿ ಚೆಂಡನ್ನು ನನ್ನ ಕಡೆ ಜೋರಾಗಿಯೇ ಎಸೆದಳು. ಆ ಮಾತು ನನಗೆ ನಾಟಿತು. ಆದರೂ ಎರಡು ಇಳಿದರೆ ಅದರಲ್ಲಿ ಒಂದು ನಾವೇ ಎಂಬುದು ಅದಕ್ಕಿಂತ ಬೇಗ ನಾಟಿತು. ಮೇಲಿನ ಗುಂಪಿನ ನಾವು ನಾಲ್ವರೂ ಒಂದೇ ದನಿಯಲ್ಲಿ ಬೇಡವೆಂದೆವು. ಎಂಟೂ ಓಣಿ ಒಂದೇ ಗುಂಪಾಗಿ ಆಡಿ ಮೊದಲ ನಾಲ್ವರಿಗೆ ತಾಸು ಕೊಡೋಣ ಎಂದು ಮತ್ತೊಬ್ಬಳು ತೆಗೆದಳು. ಅಮಾವಾಸ್ಯೆಗೊಂದೇ ಆಟವಾದರೆ ಅದು ಮುಗಿಯುವಷ್ಟರಲ್ಲಿ ಮೊಮ್ಮಕ್ಕಳಾಗುತ್ತವೆ ಎಂದು ದುಂಡವ್ವ ತಳ್ಳಿಹಾಕಿದಳು. ಮೇಲಿನ ಗುಂಪಿನ ಮೂರನೆಯವರು ಕೆಳಗಿನ ಗುಂಪಿನ ಎರಡನೆಯವರ ಜೊತೆ ಆಡಲಿ ಎಂದು ಒಬ್ಬಳೆಂದಾಗ ಚೆಂಡು ಕೈಯಲ್ಲಿಲ್ಲದೆಯೇ ನಾನು ಬೇಡವೆಂದೆ. ಅದೂ ಬಿದ್ದುಹೋಯಿತು. ಕೊನೆಗೆ ಚೆಂಡು ನನ್ನ ಕೈಗೆ ಬಂತು.

“ಒಂದು ದಿನದ ಆಟದ ಮ್ಯಾಲ ಒಂದು ವರ್ಷದ ಬೆಳಕು ಇಡಬ್ಯಾಡ್ರಿ,” ಎಂದೆ. “ಅವತ್ತು ಯಾರಿಗರ ಜ್ವರ ಬಂದಿರತೈತಿ, ಯಾರದರ ಕಾಲು ಉಳುಕಿರತೈತಿ. ಸಮ ಬಂದ್ರ ಮರುಪಂದ್ಯ ಬ್ಯಾಡ. ವರ್ಷಪೂರ್ತಿ ಹೊಡೆದ ಗೋಲಿನಾಗ ತಿಂದ ಗೋಲು ಕಳೀರಿ. ಯಾರ ಲೆಕ್ಕ ಕಡಿಮಿ ಐತಿ ಅವರು ಇಳೀಲಿ. ಅದರಾಗ ಸುಳ್ಳು ಇರೂದಿಲ್ಲ.”

ಕಂಬಳಿ ಓಣಿಯ ರಾಚವ್ವ ವಿರೋಧ ಮಾಡಿದಳು. ಆಟವೆಂದರೆ ಎದುರುಬದುರು ನಿಂತು ಗೆಲ್ಲುವುದು, ಜೋಳ ಅಳೆದ ಹಾಗೆ ಅಳೆಯುವುದಲ್ಲ ಎಂಬುದು ಅವಳ ವಾದ. ಸುಣ್ಣದ ಓಣಿಯಿಂದ ಬಂದಿದ್ದವಳು ನಮ್ಮ ಅಣ್ಣನ ಹೆಂಡತಿ ಫಕೀರವ್ವ. ನಮ್ಮ ವೈನಿ ಯಾವತ್ತೂ ನನ್ನ ಮುಖ ನೋಡಿ ಮಾತಾಡುವವಳು, ನನ್ನ ಪರವೇ ನಿಂತಳು. ಆಶ್ಚರ್ಯವೆಂದರೆ ಮಲಕವ್ವನೂ ನನ್ನ ಕಡೆ ಬಂದಳು. ಮರುಪಂದ್ಯ ಇಲ್ಲದಿದ್ದರೆ ಏರುವವರು ಒಂದು ತಿಂಗಳು ಕಾಯುವುದು ತಪ್ಪುತ್ತದೆ ಎಂಬುದು ಅವಳ ಲೆಕ್ಕ. ಕೈ ಎತ್ತಿದರು, ನಿಯಮ ಆಯಿತು. ಮನೆಗೆ ಬರುವಾಗ ದಾರಿಯಲ್ಲಿ ನಾನು ಹಾಡು ಗುನುಗುತ್ತಿದ್ದೆನಂತೆ. ನೋಡಿದವರು ಹೇಳಿದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಬೀಗರ ಓಣಿಯ ಜೊತೆ ಆಡುವಾಗ ಹೇಗೆ ಎಂದು ಕೇಳಿದರು. ಅದಕ್ಕೇನಾಯಿತು ಎಂದೆ. ಹತ್ತಕ್ಕೆ ನಿಲ್ಲಿಸುತ್ತೇವಲ್ಲ ಎಂದರು.

ಆಗ ನನಗೆ ನೆನಪಾಯಿತು. ಕೋಲುಚೆಂಡಿನಲ್ಲಿ ಒಂದು ನಡತೆಯಿದೆ. ಹೆಣ್ಣು ಕೊಟ್ಟು ತಂದ ಓಣಿಯ ಎದುರು ಹತ್ತು ಗೋಲು ಮುಂದೆ ಹೋದ ಕೂಡಲೇ ಆಡುವವರು ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡು ಸುಮ್ಮನೆ ಅಡ್ಡಾಡುತ್ತಾರೆ, ಸೀಟಿ ಆಗುವವರೆಗೂ ಹೊಡೆಯುವುದಿಲ್ಲ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ನಾನೂ ಎಷ್ಟೋ ಸಲ ತಟ್ಟಿದ್ದೆ. ಹನ್ನೊಂದನೆಯದು ಹೊಡೆದರೆ ಬೀಗತನ ಮುರಿದ ಹಾಗೆ, ಆ ಓಣಿಯಿಂದ ಬಂದ ಹೆಣ್ಣುಮಕ್ಕಳಿಗೆ ತವರಿನ ಬಾಗಿಲು ಮುಚ್ಚಿದ ಹಾಗೆ. ನಮ್ಮ ಅತ್ತೆಯ ಕಾಲದಲ್ಲಿ ಒಮ್ಮೆ ನಮ್ಮ ಓಣಿಯ ಯಾರೋ ಬಿಸಿರಕ್ತದವನು ಬಾವಿ ಓಣಿಯವರಿಗೆ ಹನ್ನೊಂದು ಹೊಡೆದಿದ್ದ. ಬಾವಿ ಓಣಿಯಿಂದ ನಮ್ಮಲ್ಲಿಗೆ ಬಂದಿದ್ದ ಒಬ್ಬ ಸೊಸೆ ತನ್ನ ತಾಯಿ ತೀರಿಕೊಂಡಾಗ ಆ ಓಣಿಯ ಬಾಯಲ್ಲೇ ನಿಂತು ಅತ್ತು ಹಿಂದಿರುಗಿದಳಂತೆ. ಅಂದಿನಿಂದ ಆ ಓಣಿಗೂ ನಮಗೂ ಕೊಡುವುದಿಲ್ಲ, ತರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಸಭೆಯಲ್ಲಿ ಒಬ್ಬರಿಗೂ ಇದು ನೆನಪಾಗಲಿಲ್ಲ. ಗೆಲುವು ಮಾತ್ರ ಎಣಿಸುತ್ತಿದ್ದ ಕಾಲದಲ್ಲಿ ಹತ್ತಾದರೇನು, ಇಪ್ಪತ್ತಾದರೇನು, ಯಾರೂ ಅದನ್ನು ನಿಯಮದ ಜೊತೆ ಇಟ್ಟು ನೋಡಿರಲಿಲ್ಲ. ಯಾರ ಮಾನಕ್ಕಾಗಿ ಆ ನಡತೆ ಹುಟ್ಟಿತೋ ಆ ಸೊಸೆಯಂದಿರೇ ಎಂಟು ಜನ ಕೂತು ಈ ನಿಯಮ ಮಾಡಿ ಬಂದಿದ್ದೆವು.

ಬೆಳಗಾದ ಕೂಡಲೇ ದುಂಡವ್ವನ ಮನೆಗೆ ಓಡಿದೆ. ಅವಳು ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಳು. ನನ್ನ ಮಾತನ್ನು ಪೂರ್ತಿ ಕೇಳಿ, ಮಾಡಿದ ನಿಯಮ ಮುಂದಿನ ಸಭೆಯವರೆಗೂ ಮುರಿಯುವಂತಿಲ್ಲ ಎಂದಳು. “ಹತ್ತಕ್ಕ ನಿಲ್ಲಸ್ರಿ ಅಂತ ಸಭೆ ಎಂದೂ ಹೇಳಿಲ್ಲವ್ವಾ. ಹೊಡೀಲಿ, ಯಾರು ಬ್ಯಾಡ ಅಂತಾರ,” ಎಂದು ಮತ್ತೆ ಬೆರಣಿಗೆ ಕೈ ಹಾಕಿದಳು.

ಆಟಗಳು ಶುರುವಾದವು. ಅಮಾವಾಸ್ಯೆ ಬಂತೆಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಬಾವಿ ಓಣಿಯವರಿಗೆ ನಮ್ಮ ಜೊತೆ ಬೀಗತನ ಇಲ್ಲವಲ್ಲ, ಹದಿನಾರು ಗೋಲಿನಿಂದ ನಮ್ಮನ್ನು ಚಚ್ಚಿಹಾಕಿದರು. ಕಂಬಳಿ ಓಣಿಗೆ ನಾಲ್ಕರಿಂದ ಸೋತೆವು. ನಮ್ಮ ತವರು ಸುಣ್ಣದ ಓಣಿಯವರು ಕಂಬಳಿ ಓಣಿಯನ್ನು ಚೆನ್ನಾಗಿ ಸೋಲಿಸಿ, ಬಾವಿ ಓಣಿಗೆ ಒಂದೇ ಗೋಲಿನಿಂದ ಸೋತು ಆರಾಮಾಗಿ ಕೂತಿದ್ದರು. ಉಳಿದದ್ದು ಕೊನೆಯ ಆಟ, ನಾವೂ ಸುಣ್ಣದ ಓಣಿಯೂ. ಬಾವಿ ಓಣಿ ಮೂರೂ ಆಟ ಗೆದ್ದಾಗಿತ್ತು, ನಾವು ಗೆದ್ದರೆ ಉಳಿದ ಮೂರು ಓಣಿಗೂ ಒಂದೊಂದು ಗೆಲುವು. ಆಗ ನನ್ನ ಹೊಸ ನಿಯಮದ ಪ್ರಕಾರ ಗೋಲು ಎಣಿಸಬೇಕು. ಬಿಲದ ಮುಂದೆ ಬೆಕ್ಕು ಕೂತ ಹಾಗೆ ಆ ಲೆಕ್ಕದ ಮುಂದೆ ಕೂತು ಕೂತು ಮಾಡಿದೆ, ಬೆರಳು ಮಡಿಚಿ ಮಾಡಿದೆ, ಹುಣಸೆ ಬೀಜ ಇಟ್ಟು ಮಾಡಿದೆ. ಹನ್ನೆರಡು ಗೋಲಿನ ಅಂತರದಿಂದ ಗೆದ್ದರೆ ಕಂಬಳಿ ಓಣಿ ಇಳಿಯುತ್ತದೆ. ಹತ್ತಕ್ಕೆ ನಿಂತರೆ ನಾವು ಇಳಿಯುತ್ತೇವೆ. ಸುಣ್ಣದ ಓಣಿಗೆ ಎರಡರಲ್ಲೂ ಏನೂ ಆಗುವುದಿಲ್ಲ.

ಹಿಂದಿನ ದಿನ ತವರಿಗೆ ಹೋದೆ. ಅಣ್ಣ ಸಂಕಪ್ಪ ಆ ತಂಡದ ಮುಂದಾಳು. ಕೋಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ. ಸುತ್ತು ಬಳಸದೆ ಕೇಳಿದೆ. ನಾವು ಹತ್ತು ಮುಂದೆ ಹೋದ ಮೇಲೆ ನೀವೇ ನಿಮ್ಮ ಕಂಬದೊಳಗೆ ಎರಡು ಹೊಡೆದುಕೊಳ್ಳಿ, ನಿಮಗೆ ನಷ್ಟವಿಲ್ಲ, ನಮ್ಮ ಓಣಿಯವರು ಹನ್ನೊಂದು ಹೊಡೆದ ಹಾಗೂ ಆಗುವುದಿಲ್ಲ ಎಂದೆ. ವೈನಿ ಒಲೆಯ ಮುಂದಿನಿಂದ ನನ್ನನ್ನೇ ನೋಡಿದಳು. ಅಣ್ಣ ತುಂಬ ಹೊತ್ತು ಕೋಲು ತಿಕ್ಕಿದ.

“ಅದು ಆಟ, ಇಂದ್ರಾ,” ಎಂದ ಕೊನೆಗೆ. “ಬುತ್ತಿ ಅಲ್ಲ, ಕಟ್ಟಿ ಕೊಡಾಕ.”

ಅವನ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಅವನು ಕೊಟ್ಟ ಚಹಾ ಕುಡಿಯದೆ ಎದ್ದು ಬಂದೆ. ಮನೆಯಲ್ಲಿ ನಮ್ಮವರಿಗೆ ಹನ್ನೆರಡು ಹೊಡೆಯಿರಿ ಎಂದೆ. ಅತ್ತೆ ಪಕ್ಕದಲ್ಲೇ ಕೂತು ಅವರ ಕಿವಿಯ ಹಿಂದಿನ ಹತ್ತಿ ತೆಗೆಯುತ್ತಿದ್ದರು. ಅವರಿಗೂ ಕೇಳಿಸಿತು.

ಆಟದ ದಿನ ಬಯಲಿನ ಸುತ್ತ ಎಂಟೂ ಓಣಿಯ ಜನ. ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿ ಕೂರಿಸಿದೆ. ಮಟಮಟ ಬಿಸಿಲು, ಅವರಿಗೆ ಎಲ್ಲ ಕಾಣುತ್ತಿತ್ತು. ನನಗೇ ಏನೂ ಕಾಣುತ್ತಿರಲಿಲ್ಲ. ನಮ್ಮವರು ಅವತ್ತು ಆಡಿದ ಹಾಗೆ ಎಂದೂ ಆಡಿರಲಿಲ್ಲ. ಗಿರಣಿಯ ಹತ್ತಿ ಅಂಡಿಗೆಗಳನ್ನು ಎತ್ತಿ ಎತ್ತಿ ಗಟ್ಟಿಯಾದ ಹೆಗಲು, ಹೊಡೆದರೆ ಚೆಂಡು ಕಣ್ಣಿಗೆ ಬೀಳುವ ಮೊದಲೇ ಕಂಬದ ಆಚೆ ಇರುತ್ತಿತ್ತು. ಮೂರು, ಐದು, ಏಳು. ಸುಣ್ಣದ ಓಣಿಯವರೂ ಒಂದೆರಡು ಹೊಡೆದರು, ನಾವು ಅದನ್ನೂ ದಾಟಿದೆವು. ಹತ್ತು ಗೋಲು ಮುಂದೆ ಹೋದಾಗ ಆಟ ಇನ್ನೂ ಬೇಕಾದಷ್ಟು ಉಳಿದಿತ್ತು. ಎರಡಲ್ಲ, ಆರು ಹೊಡೆಯುವಷ್ಟು.

ನಮ್ಮವರು ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡರು. ಅವರ ಹಿಂದೆ ಒಬ್ಬೊಬ್ಬರಾಗಿ ತಂಡದ ಎಲ್ಲರೂ ಇಟ್ಟುಕೊಂಡರು. ಚೆಂಡು ಬಯಲಿನ ನಡುವೆ ಅನಾಥವಾಗಿ ಬಿದ್ದಿತ್ತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಕಂಬಳಿ ಓಣಿಯವರು ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಯಾವಾಗ ಎದ್ದೆನೋ, ಯಾವಾಗ ಗೆರೆಯ ಹತ್ತಿರ ಹೋದೆನೋ ನನಗೆ ತಿಳಿಯದು.

“ಹೊಡೀರಿ,” ಎಂದೆ. “ನನಗ ತವರು ಬ್ಯಾಡ. ಹೊಡೀರಿ.”

ಗಂಡ ಹೆಂಡತಿ ನಾಲ್ಕು ಜನರ ಎದುರು ಮಾತಾಡದ ಊರು ನಮ್ಮದು. ಇಡೀ ಬಯಲಿಗೆ ಕೇಳಿಸಿತು. ಎದುರು ಕಂಬದ ಬಳಿ ನಿಂತಿದ್ದ ಅಣ್ಣನಿಗೂ ಕೇಳಿಸಿತು, ಅವನು ತಲೆ ತಗ್ಗಿಸಿದ. ನಮ್ಮವರು ಚೆಂಡಿನ ಹತ್ತಿರ ನಡೆದರು. ಕೋಲು ಹೆಗಲಿನಿಂದ ಇಳಿಯಿತು. ತಿರುಗಿ ತಮ್ಮ ತಾಯಿಯ ಕಡೆ ನೋಡಿದರು. ಅತ್ತೆ ಕೂತಲ್ಲಿಂದಲೇ ನಿಧಾನವಾಗಿ ತಲೆ ಅಲ್ಲಾಡಿಸಿದರು, ಬೇಡ ಎಂದು. ನಮ್ಮವರು ಬಗ್ಗಿ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು, ಬಯಲು ದಾಟಿ ಹೋಗಿ ನಮ್ಮ ಅಣ್ಣನ ಕೈಯಲ್ಲಿಟ್ಟರು. ಸೀಟಿ ಆಗುವವರೆಗೂ ಇಬ್ಬರೂ ಅಲ್ಲೇ ಪಕ್ಕದಲ್ಲಿ ನಿಂತಿದ್ದರು.

ಆ ಸಂಜೆ ನಮ್ಮ ಓಣಿಯ ಕೊನೆಯ ತಾಸು. ಮನೆಮನೆಯವರೂ ಹೊರಗೆ ಬಂದು ಕಟ್ಟೆಯ ಮೇಲೆ ಕೂತಿದ್ದರು, ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅತ್ತೆ ಮಗನನ್ನು ಎದುರಿಗೆ ಕೂರಿಸಿಕೊಂಡರು. ಅವತ್ತು ಗಿರಣಿಗೆ ಹೋಗಿರಲಿಲ್ಲ, ತೆಗೆಯುವುದಕ್ಕೆ ಹತ್ತಿ ಇರಲಿಲ್ಲ, ಸುಮ್ಮನೆ ನೋಡಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಅಳುತ್ತಿದ್ದೆ. ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ನನ್ನ ಕಣ್ಣಿನ ಸಲುವಾಗಿ ನಿನ್ನ ಬಾಯಿಂದ ಆ ಮಾತು ಬರಬಾರದಿತ್ತು,” ಎಂದರು.

ಮರುದಿನ ಆರಕ್ಕೆ ಕತ್ತಲಾಯಿತು. ದೀಪಕ್ಕೆ ಎಣ್ಣೆ ಹಾಕುವುದನ್ನೇ ಮರೆತಿದ್ದೆ. ಪಕ್ಕದ ಗೋಡೆಯಾಚೆ ಸುಣ್ಣದ ಓಣಿಯಲ್ಲಿ ಬೆಳಕಿತ್ತು, ಅದರ ಅಂಚು ನಮ್ಮ ಮಾಳಿಗೆಯ ಮೇಲೆ ಅರಿಶಿನದ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ನಮ್ಮವರು ಬಂದರು. ಅತ್ತೆ ದನಿ ಬಂದ ಕಡೆ ಮುಖ ತಿರುಗಿಸಿ, ಬಂದೆಯಾ ಎಂದರು. ಹಾಗೆ ಕೆಲವು ದಿನ ನಡೆಯಿತು. ಅತ್ತೆ ಬೇಗ ಉಂಡು ಬೇಗ ಮಲಗತೊಡಗಿದರು. ನನಗೆ ನಿದ್ದೆಯೇ ಇಲ್ಲ.

ಆಮೇಲೆ ಒಂದು ಮಧ್ಯಾಹ್ನ ಅಣ್ಣ ಬಂದ. ಸಂಜೆ ನಮ್ಮ ಕಟ್ಟೆಗೆ ಬನ್ನಿ ಎಂದು ಅತ್ತೆಯನ್ನು ಕರೆದ. ಅತ್ತೆ ಒಪ್ಪಲಿಲ್ಲ. ಬೀಗರ ಮನೆಗೆ ಹಬ್ಬಕ್ಕೆ ಹೋಗಬೇಕು, ಸಾವಿಗೆ ಹೋಗಬೇಕು, ದಿನಾ ಹೋಗಿ ಕೂರುವುದುಂಟೆ ಎಂದರು. ಅವನು ನೆಲದ ಮೇಲೆ ಅವರ ಕಾಲ ಬಳಿ ಕೂತ.

“ಬೀಗರ ಮನಿ ಅಂತ ಬರಬ್ಯಾಡ್ರಿ, ಅವ್ವಾರ. ಬಿಸಿಲು ಕಾಯಾಕ ಬರ್ರಿ.”

ಹಾಗೆ ನಮ್ಮ ಸಂಜೆಗಳು ನನ್ನ ತವರಿನ ಕಟ್ಟೆಗೆ ಹೋದವು. ಐದೂವರೆಗೆ ನಾನು ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋಗುವುದು, ನಮ್ಮವರು ಗಿರಣಿಯಿಂದ ನೇರವಾಗಿ ಅಲ್ಲಿಗೇ ಬರುವುದು, ವೈನಿ ಚಹಾ ಕೊಡುವುದು. ಮೊದಲ ದಿನ ಮಗನನ್ನು ನೋಡಿದ ಅತ್ತೆ, ಎಷ್ಟು ಸೊರಗಿದೀಯೋ ಎಂದರು. ನಮ್ಮವರು ನಕ್ಕರು. ನನಗೆ ಬಹಳ ದಿನಗಳ ಮೇಲೆ ಹಸಿವಾಯಿತು.

ಆದರೆ ನನ್ನಂಥವಳಿಗೆ ನೆಮ್ಮದಿ ಎಷ್ಟು ದಿನ ನಿಲ್ಲುತ್ತದೆ. ಮುಂದಿನ ಸಭೆ ಹತ್ತಿರ ಬಂತು. ಬುಟ್ಟಿ ಓಣಿ ಏರಿ ಹೋಗಿತ್ತು. ಈಗ ಕೆಳಗಿನ ಗುಂಪಿನಲ್ಲಿ ಕೂತು ನೋಡಿದರೆ ಒಂದೇ ಏರುವುದು ಎಂಥ ಅನ್ಯಾಯ ಎಂಬುದು ನನಗೆ ಚೆನ್ನಾಗಿ ಕಾಣುತ್ತಿತ್ತು. ಎರಡು ಇಳಿಯಲಿ, ಎರಡು ಏರಲಿ ಎಂದು ಮಲಕವ್ವ ಹೇಳಿದ್ದೇ ಸರಿ. ಈ ಮಾತನ್ನು ಮಲಕವ್ವನಿಗೇ ಹೇಳಿದರೆ, ಮೇಲೇರಿ ಕೂತ ಅವಳು ಒಂದೇ ಸಾಕು ಎಂದಳು. ಎರಡು ಇಳಿದರೆ ಯಾರು ಯಾರು ಎಂದು ಯೋಚಿಸುವಾಗ ಮಾತ್ರ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು. ಬುಟ್ಟಿ ಓಣಿ ಹೊಸದು, ಅದು ಇಳಿದೀತು. ಇನ್ನೊಂದು ಕಂಬಳಿ ಓಣಿಯಾದರೆ ಸರಿ. ಆಗದಿದ್ದರೆ ನಾನು ಕೂತಿದ್ದ ಈ ಕಟ್ಟೆಯೇ.

ಆ ಸಂಜೆ ವೈನಿ ಮತ್ತು ನಾನು ಚವಳಿಕಾಯಿ ಸೋಸುತ್ತ ಕೂತಿದ್ದೆವು. ನಮ್ಮವರೂ ಅಣ್ಣನೂ ಕಟ್ಟೆಯ ಅಂಚಿನಲ್ಲಿ, ಅತ್ತೆ ಗೋಡೆಗೆ ಒರಗಿ ಮಗನ ಪಕ್ಕದಲ್ಲಿ. ನಾನು ಮೆಲ್ಲಗೆ ಎರಡು ಏರುವ ಮಾತು ತೆಗೆದೆ. ವೈನಿಯ ಕೈ ಚುರುಕಾಯಿತು. ಎರಡು ಇಳಿದರೆ ನಾವು ಇಳಿಯುತ್ತೇವೆ, ಆಗ ನಿನ್ನ ಅತ್ತೆಯನ್ನು ಎಲ್ಲಿ ಕೂರಿಸುತ್ತೀಯಾ ಎಂದು ಕೇಳಿದಳು. ನಾವು ಏರಿದರೆ ನಮ್ಮ ಕಟ್ಟೆಗೇ ಬನ್ನಿ, ಯಾರು ಬೇಡ ಎಂದರು ಎಂದೆ. ನಾವು ನಿಮ್ಮ ಕಟ್ಟೆಗೆ ಬಂದು ಬೆಳಕು ಬೇಡಬೇಕೇನು ಎಂದಳು. ಈಗ ನಾನು ಬೇಡುತ್ತಿದ್ದೇನೇನು ಎಂದೆ. ಗೋಲಿನ ಲೆಕ್ಕ ಇಟ್ಟುಕೊಂಡು ಬೀಗರಿಗೆ ಹತ್ತು ಎಂಬುದನ್ನೂ ನಿಯಮ ಮಾಡಿಬಿಡೋಣ ಎಂದು ಅಣ್ಣ ನಡುವೆ ಬಾಯಿ ಹಾಕಿದ. ಇಬ್ಬರೂ ಅವನನ್ನು ಗದರಿಸಿದೆವು. ಮರುಪಂದ್ಯವೇ ಮತ್ತೆ ಬರಲಿ ಎಂದಳು ವೈನಿ, ಅದನ್ನು ಕೊಂದವಳು ನಾನು ಎಂಬುದನ್ನೂ ಸೇರಿಸಿದಳು. ಚವಳಿಕಾಯಿ ಬುಟ್ಟಿಗೆ ಬೀಳುವುದರ ಬದಲು ಅಂಗಳಕ್ಕೆ ಬೀಳುತ್ತಿತ್ತು. ನನ್ನ ದನಿ ಏರಿತ್ತು, ಅವಳದೂ ಏರಿತ್ತು.

“ಸಾಕು ಮಾಡ್ರಿ,” ಎಂದರು ಅತ್ತೆ. “ಕತ್ತಲಾತು. ನಡೀರಿ ಮನಿಗೆ ಹೋಗೂಣು.”

ನಾನು ತಲೆಯೆತ್ತಿ ನೋಡಿದೆ. ಬಿಸಿಲು ಎದುರು ಮನೆಯ ಗೋಡೆಯ ಮೇಲೆ ಆಳೆತ್ತರ ಇತ್ತು. ಅಂಗಳದಲ್ಲಿ ಬಿದ್ದ ಒಂದೊಂದು ಚವಳಿಕಾಯಿಯೂ ಕಾಣುತ್ತಿತ್ತು. ಹೊತ್ತು ಮುಳುಗಲು ಇನ್ನೂ ಅರ್ಧ ತಾಸಾದರೂ ಇತ್ತು. ಅತ್ತೆಯ ಕಣ್ಣು ತೆರೆದೇ ಇದ್ದವು, ಆ ಬೆಳಕಿನಲ್ಲೇ ಇದ್ದವು. ವೈನಿ ಬಾಯಿಗೆ ಸೆರಗು ಹಿಡಿದಳು. ಅಣ್ಣ ಏನೋ ಹೇಳಲು ಹೋದ, ನಮ್ಮವರು ಅವನ ತೊಡೆಯ ಮೇಲೆ ಕೈ ಇಟ್ಟು ತಡೆದರು. ನನ್ನನ್ನು ನೋಡಿದರು. ಇದು ಎಷ್ಟು ದಿನದಿಂದ ಹೀಗೆ ನಡೆದಿದೆ ಎಂದು ನನಗೆ ಗೊತ್ತಿತ್ತೇನೋ ಎಂಬಂತೆ ನೋಡಿದರು. ನನಗೂ ಗೊತ್ತಿರಲಿಲ್ಲ.

“ಹೌದವ್ವಾ, ಕತ್ತಲಾತು,” ಎಂದು ಅವರು ಎದ್ದು ನಿಂತರು.

ಅತ್ತೆಯ ಒಂದು ಕೈ ಅವರು ಹಿಡಿದುಕೊಂಡರು, ಇನ್ನೊಂದನ್ನು ನಾನು. ಮೆಟ್ಟಿಲು ಇಳಿದು ಬಿಸಿಲಿನಲ್ಲಿ ನಡೆದೆವು. ಓಣಿಯ ತುಂಬ ಹುಡುಗರು ಕೋಲು ಹಿಡಿದು ಕೂಗಾಡುತ್ತಿದ್ದರು. ಒಬ್ಬ ಹೊಡೆದ ಚೆಂಡು ನಮ್ಮ ಕಾಲ ಮುಂದೆಯೇ ಉರುಳಿ ಹೋಯಿತು, ಇನ್ನೊಬ್ಬ ಓಡಿ ಬಂದು ತಿರುಗಿ ಹೊಡೆದ. ಅತ್ತೆ ಆ ಸದ್ದಿಗೆ ನಿಂತರು.

“ಈ ಹುಡುಗರಿಗೆ ಇಷ್ಟು ಕತ್ತಲಾಗ ಚೆಂಡು ಹೆಂಗ ಕಾಣತೈತೋ,” ಎಂದರು.

“ಆಡಿ ಆಡಿ ರೂಢಿ ಆಗಿರತೈತಿ, ಅವ್ವಾ,” ಎಂದರು ನಮ್ಮವರು. ಬಿಸಿಲು ಅವರ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು.